ಫ್ಯೂಸ್ ಹೋಗುತ್ತಿಲ್ಲ ಎಂದರೆ ವೈರಿಂಗ್ ಸರಿಯಾಗಿದೆ ಎಂದಲ್ಲ

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಹೆಂಚಿನ ಮನೆಯಿದೆ. ಅಜ್ಜ ಕಟ್ಟಿಸಿದ್ದು, ಮಣ್ಣಿನ ಗೋಡೆ, ಮರದ ಅಟ್ಟ. 1976ರಲ್ಲಿ ಕರೆಂಟ್ ಬಂದಾಗ ಮಾಡಿಸಿದ ವೈರಿಂಗೇ ಇವತ್ತಿಗೂ ಇದೆ. ನಾನು ಬೆಂಗಳೂರಿನಲ್ಲಿದ್ದೇನೆ, ಊರಲ್ಲಿ ಅಪ್ಪ-ಅಮ್ಮ ಇಬ್ಬರೇ. ಹೋದ ವರ್ಷ ಹೊಸ ವಾಷಿಂಗ್ ಮಷಿನ್ ಕೊಂಡೆವು. ಒದ್ದೆ ಕೈಯಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಅಂಗಡಿಯವರು ಮಷಿನ್ ಬದಲಿಸಿ ಕೊಟ್ಟರು, ಅದೂ ಹಾಗೆಯೇ. ಮಿಕ್ಸಿ ಮತ್ತು ಇಂಡಕ್ಷನ್ ಒಲೆ ಒಟ್ಟಿಗೆ ಹಾಕಿದರೆ ಅಡುಗೆಮನೆಯ ದೀಪ ಮಿಟುಕುತ್ತದೆ, ಒಮ್ಮೊಮ್ಮೆ ಸುಟ್ಟ ವಾಸನೆ ಬರುತ್ತದೆ. ಮೊದಲು ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಅಪ್ಪ ದಪ್ಪ ತಂತಿ ಕಟ್ಟಿದ ಮೇಲೆ ಒಮ್ಮೆಯೂ ಹೋಗಿಲ್ಲ. ಒಬ್ಬ ಎಲೆಕ್ಟ್ರಿಷಿಯನ್ ಇಡೀ ಮನೆಗೆ ಹೊಸ ವೈರಿಂಗ್ ಆಗಬೇಕು, ಗೋಡೆ ಕೊರೆಯಬೇಕು, ಒಂದೂಮುಕ್ಕಾಲು ಲಕ್ಷ ರೂಪಾಯಿ ಆಗುತ್ತದೆ ಎಂದರು. ಗೋಡೆ ಮುಟ್ಟಲು ಅಮ್ಮ ಬಿಡುತ್ತಿಲ್ಲ. ಇನ್ನೊಬ್ಬರು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿದರೆ ಸಾಕು ಎನ್ನುತ್ತಾರೆ. ಮತ್ತೊಬ್ಬರು ನ್ಯೂಟ್ರಲ್‌ನಿಂದಲೇ ಅರ್ಥಿಂಗ್ ಕೊಟ್ಟರೆ ಜುಮ್ಮೆನ್ನುವುದು ನಿಲ್ಲುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಬೇಕು? ಕೊನೆಯದಾಗಿ, ಜಗುಲಿಯಲ್ಲಿ ಅಜ್ಜ ಹಾಕಿಸಿದ ಕರಿ ಸ್ವಿಚ್‌ಗಳಿವೆ. ಅವನ್ನಾದರೂ ಉಳಿಸಿಕೊಳ್ಳಬಹುದೇ ಎಂದು ಅಮ್ಮ ಕೇಳುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಜುಮ್ಮೆನ್ನುವ ಮಷಿನ್ ಇದೆ, ಮಿಟುಕುವ ದೀಪ ಇದೆ, ಸುಟ್ಟ ವಾಸನೆಯೂ ಇದೆ. ಆದರೆ ಮೂವತ್ತು ವರ್ಷಗಳಿಂದ ಮಲೆನಾಡಿನ ಮನೆಗಳ ಅಟ್ಟ ಹತ್ತಿ ಇಳಿಯುತ್ತಿರುವ ನನ್ನನ್ನು ಅವೆಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ‘ದಪ್ಪ ತಂತಿ ಕಟ್ಟಿದ ಮೇಲೆ ಒಮ್ಮೆಯೂ ಹೋಗಿಲ್ಲ’ ಎಂಬ ಸಾಲು. ಆದ್ದರಿಂದ ಕಾರಣಗಳನ್ನು ಆಮೇಲೆ ನೋಡೋಣ. ಮೊದಲು ಇವತ್ತೇ ಊರಿಗೆ ಫೋನ್ ಮಾಡಿ ಕೆಲವು ಮಾತು ಹೇಳಿಬಿಡಿ.

ವಾಷಿಂಗ್ ಮಷಿನ್‌ನ ಪ್ಲಗ್ ಕಿತ್ತು ಪಕ್ಕಕ್ಕಿಡಲಿ. ಅರ್ಥಿಂಗ್ ಆಗುವ ತನಕ ಅದನ್ನು ಬಳಸುವುದು ಬೇಡ. ಇಂಡಕ್ಷನ್ ಒಲೆಯೂ ಸದ್ಯಕ್ಕೆ ಬೇಡ, ಗ್ಯಾಸ್ ಇದ್ದೇ ಇರುತ್ತದೆ. ವಾಸನೆ ಬಂದ ಪಾಯಿಂಟ್‌ಗೆ ಮೊಬೈಲ್ ಚಾರ್ಜರ್ ಕೂಡ ಹಾಕಬಾರದು. ಅಟ್ಟದ ಮೇಲೆ ಅಡಿಕೆ ಸಿಪ್ಪೆ, ಗೋಣಿಚೀಲ, ಹಳೆಯ ಪಂಚಾಂಗ-ಪೇಪರಿನ ಕಟ್ಟುಗಳಿದ್ದರೆ ತಂತಿ ಹಾದುಹೋಗುವ ಕಡೆಯಿಂದ ದೂರ ಸರಿಸಲಿ. ಫ್ಯೂಸನ್ನು ಮಾತ್ರ ಅಪ್ಪ ಮುಟ್ಟುವುದು ಬೇಡ. ಊರಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಸರಿಯಾದ ಫ್ಯೂಸ್ ತಂತಿ ಕಟ್ಟಿಸಲಿ. ಆಮೇಲೆ ಫ್ಯೂಸ್ ಮತ್ತೆ ಹೋಗಲು ಶುರುವಾಗಬಹುದು. ಹೋಗಲಿ ಬಿಡಿ, ಅದು ಇರುವುದೇ ಹೋಗುವುದಕ್ಕೆ.

ಅಪ್ಪನನ್ನು ಬೈಯಬೇಡಿ. ಕತ್ತಲೆಯಲ್ಲಿ, ಮಳೆಯಲ್ಲಿ, ಲೈನ್‌ಮನ್ ಬರಲು ಎರಡು ದಿನ ಬೇಕಾಗುವ ಊರಿನಲ್ಲಿ ಎಲ್ಲರ ಮನೆಯಲ್ಲೂ ಆಗುವುದು ಇದೇ. ಹಳೆಯ ವೈರಿನ ತಾಮ್ರದ ಎಳೆಗಳನ್ನು ಐದಾರು ಸೇರಿಸಿ ಹೊಸೆದು ಪಿಂಗಾಣಿ ಕಟೌಟ್‌ಗೆ ಕಟ್ಟುತ್ತಾರೆ. ಅಂಥ ಒಂದು ತೆಳು ಎಳೆ ಕರಗಲು ಸುಮಾರು 7 ಆಂಪಿಯರ್ ಬೇಕು. ಐದು ಎಳೆ ಹೊಸೆದರೆ 30 ಆಂಪಿಯರ್‌ನ ಆಸುಪಾಸು ತಲುಪುವ ತನಕ ಅದು ಅಲುಗುವುದಿಲ್ಲ. ಅದರ ಹಿಂದಿರುವ ನಿಮ್ಮ ಮನೆಯ ತಂತಿಗೆ 10 ಆಂಪಿಯರ್ ಹೊರುವುದೇ ಕಷ್ಟ. ಈಗ ಯಾವುದು ಮೊದಲು ಕರಗುತ್ತದೆ ಎಂದು ಯೋಚಿಸಿ. ಕಟೌಟ್‌ನೊಳಗೆ ಕರಗಬೇಕಾಗಿದ್ದು ಅಟ್ಟದ ಜಂತಿಯ ಮೇಲೆ ಕರಗುತ್ತದೆ.

ಈಗ ವೈರಿಂಗ್‌ನ ವಿಚಾರ. ನೀವು ಹೇಳುವ ಕಾಲದ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಮರದ ಬ್ಯಾಟನ್ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪು, ಕ್ಲಿಪ್ಪಿನಲ್ಲಿ ಹಿಡಿದಿಟ್ಟ ಅಲ್ಯೂಮಿನಿಯಂ ತಂತಿ. ತಾಮ್ರವನ್ನು ಹೊರದೇಶದಿಂದ ತರಿಸಬೇಕಿದ್ದ ಕಾಲವದು, ಮನೆ ವೈರಿಂಗ್‌ಗೂ ಅಲ್ಯೂಮಿನಿಯಂ ಬಂತು. ಅಂದಿನ ಮೇಸ್ತ್ರಿಗಳ ಕೆಲಸವನ್ನು ನಾನು ಹಗುರವಾಗಿ ಮಾತಾಡುವುದಿಲ್ಲ. ದಾರ ಹಿಡಿದು ಹೊಡೆದಂತೆ ನೇರವಾಗಿರುವ ಆ ಪಟ್ಟಿಗಳನ್ನು ನೋಡಿದರೆ ಇಂದಿನ ಗಡಿಬಿಡಿ ಕೆಲಸದ ಬಗ್ಗೆ ನಾಚಿಕೆಯಾಗುತ್ತದೆ. ಆದರೆ ಅವರು ವೈರಿಂಗ್ ಮಾಡಿದ್ದು ಐದಾರು ಬಲ್ಬು, ಒಂದು ರೇಡಿಯೊ ಇದ್ದ ಮನೆಗೆ. ಎಲ್ಲವನ್ನೂ ಒಟ್ಟಿಗೆ ಹಾಕಿದರೂ 2 ಆಂಪಿಯರ್ ದಾಟುತ್ತಿರಲಿಲ್ಲ. ಈಗ ನಿಮ್ಮ ಇಂಡಕ್ಷನ್ ಒಲೆ 2,000 ವ್ಯಾಟ್‌ನದಾದರೆ ಅದೊಂದೇ 8.7 ಆಂಪಿಯರ್ ಎಳೆಯುತ್ತದೆ. 750 ವ್ಯಾಟ್‌ನ ಮಿಕ್ಸಿ 3 ಆಂಪಿಯರ್ ಚಿಲ್ಲರೆ. ಎರಡೂ ಸೇರಿ 12. ಬಲ್ಬು, ರೇಡಿಯೊ ನೋಡಿಕೊಂಡು ಬಂದ ಮುದಿ ತಂತಿಯ ಬೆನ್ನ ಮೇಲೆ ಭತ್ತದ ಮೂಟೆ ಹೊರಿಸಿದ ಹಾಗಾಯಿತು.

‘ಹಳೆಯ ಕಾಲದ ತಂತಿ ಗಟ್ಟಿ, ಈಗಿನದು ಪೊಳ್ಳು’ ಎಂದು ಊರಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಒಳಗಿನ ಲೋಹದ ಮಟ್ಟಿಗೆ ಅದು ಅರ್ಧ ನಿಜವಿರಬಹುದು. ಆದರೆ ನಮ್ಮನ್ನು ಕಾಯುವುದು ಲೋಹವಲ್ಲ, ಅದರ ಮೇಲಿನ ಹೊದಿಕೆ. ಹಳೆಯ ರಬ್ಬರ್ ಹೊದಿಕೆ ವರ್ಷ ಕಳೆದಂತೆ ಬೆಂಡಾಗಿ, ಬಾಗಿಸಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಪ್ಲಾಸ್ಟಿಕ್ ಹೊದಿಕೆಯೂ ಬಿಸಿ ತಾಗುವ ಕಡೆ ಗಡುಸಾಗಿ ಬಿರುಕು ಬಿಡುತ್ತದೆ. ಬಲ್ಬಿನ ಹೋಲ್ಡರ್‌ನ ಬಳಿ, ಪ್ಲಗ್ ಪಾಯಿಂಟ್‌ನ ಹಿಂದೆ, ಹೆಂಚಿನ ಕೆಳಗಿನ ಬೇಸಿಗೆ ಕಾವು ತಾಗುವಲ್ಲಿ ಇದು ಹೆಚ್ಚು. ತಂತಿ ಅಲುಗಾಡದೆ ಇರುವಷ್ಟು ದಿನ ಬಿರುಕೂ ಸುಮ್ಮನಿರುತ್ತದೆ. ಯಾರೋ ಹೊಸ ಫ್ಯಾನ್ ಹಾಕಲು ಬಂದು ಎಳೆದಾಡಿದ ವಾರವೇ ತೊಂದರೆ ಶುರುವಾಗುವುದು ಅದಕ್ಕೇ. ಅಟ್ಟದ ಇಲಿ, ಅಳಿಲುಗಳ ಪಾಲು ಬೇರೆ ಇದೆ.

ಈಗ ‘ಎಂಸಿಬಿ ಹಾಕಿದರೆ ಸಾಕು’ ಎಂಬ ಸಲಹೆಯನ್ನು ನೋಡೋಣ. ವೈರಿಂಗ್ ಮೂರು ರೀತಿಯಲ್ಲಿ ಅಪಾಯ ತರುತ್ತದೆ. ತಂತಿ ಹೊರಲಾರದಷ್ಟು ಕರೆಂಟ್ ಹರಿಯುವುದು ಒಂದು. ಹರಿಯಬಾರದ ಕಡೆಗೆ, ಅಂದರೆ ಮಷಿನ್‌ನ ಮೈಗೆ, ಒದ್ದೆ ಗೋಡೆಗೆ, ಮನುಷ್ಯರ ಮೈಗೆ ಸೋರುವುದು ಇನ್ನೊಂದು. ಸಡಿಲ ಜಾಯಿಂಟ್‌ನಲ್ಲಿ ಬಿಸಿ ಹುಟ್ಟುವುದು ಮೂರನೆಯದು. ಎಂಸಿಬಿ ತಡೆಯುವುದು ಮೊದಲನೆಯದನ್ನು ಮಾತ್ರ, ಅದೂ ತಂತಿಯ ತಾಕತ್ತಿಗೆ ತಕ್ಕ ಎಂಸಿಬಿ ಹಾಕಿದ್ದರೆ. ಫ್ಯೂಸ್ ಹೋಗುತ್ತದೆ ಎಂದು 32 ಆಂಪಿಯರ್‌ನ ಎಂಸಿಬಿ ತಂದು ಹಾಕುವ ಪುಣ್ಯಾತ್ಮರನ್ನು ನೋಡಿದ್ದೇನೆ. ಅದು ಅಪ್ಪನ ದಪ್ಪ ತಂತಿಯೇ, ಬಿಳಿ ಪ್ಲಾಸ್ಟಿಕ್ ಅಂಗಿ ತೊಟ್ಟುಕೊಂಡಿದೆ ಅಷ್ಟೆ.

ಸೋರಿಕೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ವಾಷಿಂಗ್ ಮಷಿನ್‌ನ ಕಥೆ ಇಲ್ಲೇ ಇದೆ. ಎರಡನೆಯ ಮಷಿನ್ ಕೂಡ ಜುಮ್ಮೆಂದಿತು ಎಂದರೆ ತಪ್ಪು ಮಷಿನ್‌ನದಲ್ಲ ಎಂಬ ಗುಮಾನಿ ಬರಬೇಕು. ಈಗಿನ ಮಷಿನ್‌ಗಳೊಳಗೆ ವಿದ್ಯುತ್ ಗದ್ದಲ ತಡೆಯಲು ಒಂದು ಫಿಲ್ಟರ್ ಇರುತ್ತದೆ. ಅದರ ಪುಟ್ಟ ಕೆಪಾಸಿಟರ್‌ಗಳು ಕರೆಂಟ್ ತರುವ ಫೇಸ್ ತಂತಿಯಿಂದಲೂ ಅದು ವಾಪಸು ಹೋಗುವ ನ್ಯೂಟ್ರಲ್ ತಂತಿಯಿಂದಲೂ ಮಷಿನ್‌ನ ತಗಡಿಗೆ ಸೇರಿರುತ್ತವೆ. ತಗಡು ಭೂಮಿಗೆ ಸೇರಿದ್ದರೆ ಆ ಅಲ್ಪ ಕರೆಂಟ್ ಸದ್ದಿಲ್ಲದೆ ಮಣ್ಣಿಗಿಳಿಯುತ್ತದೆ. ಸೇರಿಲ್ಲದಿದ್ದರೆ ತಗಡು 115 ವೋಲ್ಟ್ ಆಸುಪಾಸಿನಲ್ಲಿ ತೇಲುತ್ತ ಕೂರುತ್ತದೆ. ಒದ್ದೆ ಕೈ ತಾಗಿದಾಗ ಜುಮ್ಮೆನ್ನುತ್ತದೆ. ಆ ಕರೆಂಟ್ ತೀರಾ ಸಣ್ಣದು, ಅದೊಂದರಿಂದಲೇ ಜೀವ ಹೋಗುವುದಿಲ್ಲ. ಆದರೆ ಅದು ಹೇಳುತ್ತಿರುವ ಸಂಗತಿ ದೊಡ್ಡದು: ಈ ಪಾಯಿಂಟ್‌ಗೆ ಅರ್ಥಿಂಗ್ ಇಲ್ಲ. ನಾಳೆ ಮೋಟರಿನ ಸುರುಳಿ ಸುಟ್ಟು ಫೇಸ್ ನೇರವಾಗಿ ತಗಡಿಗೆ ತಾಗಿದರೆ ಅದೇ ಜಾಗದಲ್ಲಿ 230 ವೋಲ್ಟ್ ಇರುತ್ತದೆ. ಆಗ ಜುಮ್ಮೆನ್ನುವುದರಲ್ಲಿ ಮುಗಿಯುವುದಿಲ್ಲ. ಹೊರಗಿನಿಂದ ಮುಟ್ಟಿ ನೋಡಿ ಇದು ಸಣ್ಣದೋ ದೊಡ್ಡದೋ ಎಂದು ಹೇಳಲು ನನ್ನಿಂದಲೂ ಆಗದು. ಅದಕ್ಕೇ ಪ್ಲಗ್ ಕೀಳಿ ಎಂದದ್ದು. ರಬ್ಬರ್ ಚಪ್ಪಲಿ ಹಾಕಿಕೊಂಡರೆ ಏನೂ ಆಗುವುದಿಲ್ಲ ಎಂದು ಅಮ್ಮನಿಗೆ ಯಾರಾದರೂ ಹೇಳಿದ್ದರೆ ಅದನ್ನೂ ಬಿಡಿಸಿ. ಬಚ್ಚಲಿನ ನೀರಿನಲ್ಲಿ ಸವೆದ ಚಪ್ಪಲಿಗೆ ಏನು ಬೆಲೆ? ಇನ್ನೊಂದು ಕೈ ನಲ್ಲಿಯ ಮೇಲಿದ್ದರೆ ಚಪ್ಪಲಿಯ ಮಾತೇ ಬರುವುದಿಲ್ಲ.

‘ಮೂರು ಪಿನ್ನಿನ ಪಾಯಿಂಟ್ ಇದೆಯಲ್ಲ’ ಎಂದು ನೀವು ಕೇಳಬಹುದು. ಪಿನ್ನು ಇರುವುದು ಬೇರೆ, ಅದರ ಹಿಂದೆ ತಂತಿ ಇರುವುದು ಬೇರೆ, ಆ ತಂತಿ ಮಣ್ಣು ಮುಟ್ಟುವುದು ಮತ್ತೂ ಬೇರೆ. ಒಮ್ಮೆ ಒಂದು ಮನೆಯಲ್ಲಿ ಅರ್ತ್ ತಂತಿಯ ಜಾಡು ಹಿಡಿದು ಹೊರಟೆ. ಅಡುಗೆಮನೆಯಿಂದ ಹೊರಟು, ಅಟ್ಟ ದಾಟಿ, ಹಿತ್ತಿಲ ಗೋಡೆಯ ಮೇಲೆ ಇಳಿದು, ಅದು ಒಂದು ಕಬ್ಬಿಣದ ಮೊಳೆಗೆ ಸುತ್ತಿಕೊಂಡು ನಿಂತಿತ್ತು. ಆ ಮೊಳೆಗೆ ಮನೆಯವರು ಛತ್ರಿ ನೇತುಹಾಕುತ್ತಿದ್ದರು. ಪೈಪು ಹೂತಿದ್ದರೂ ಅದರ ಆಯಸ್ಸು ನೋಡಬೇಕು. ಇದ್ದಿಲು-ಉಪ್ಪು ಹಾಕಿ ಹೂತ ಕಬ್ಬಿಣದ ಪೈಪನ್ನು ಅದೇ ಉಪ್ಪು ವರ್ಷಗಟ್ಟಲೆ ತಿನ್ನುತ್ತದೆ. ನೆಲಮಟ್ಟದಲ್ಲಿ ಕೈಯಿಂದ ಅಲುಗಿಸಿದರೆ ಮುರಿದು ಬರುವ ಪೈಪುಗಳನ್ನು ಎಷ್ಟೋ ಕಂಡಿದ್ದೇನೆ.

ಇನ್ನು ನ್ಯೂಟ್ರಲ್‌ನಿಂದಲೇ ಅರ್ಥಿಂಗ್ ಕೊಡುವ ಸಲಹೆ. ಮೂರೂ ಸಲಹೆಗಳಲ್ಲಿ ಇದಕ್ಕೆ ಮಾತ್ರ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಪ್ಲಗ್ ಪಾಯಿಂಟ್‌ನೊಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿದರೆ ಜುಮ್ಮೆನ್ನುವುದು ಆ ಕ್ಷಣವೇ ನಿಲ್ಲುತ್ತದೆ, ನಿಜ. ಮನೆಯವರು ಭೇಷ್ ಎಂದು ದುಡ್ಡೂ ಕೊಡುತ್ತಾರೆ. ಆಮೇಲೆ ಎಂದೋ ಒಂದು ದಿನ ಆ ಸಾಲಿನ ನ್ಯೂಟ್ರಲ್ ಎಲ್ಲಾದರೂ ಕಡಿದುಹೋಗುತ್ತದೆ. ನಿಮ್ಮ ಮನೆಯ ಜಾಯಿಂಟ್‌ಗಳ ಸ್ಥಿತಿಯಲ್ಲಿ ಅದು ದೂರದ ಮಾತಲ್ಲ. ಫೇಸ್ ಮಷಿನ್‌ನೊಳಗಿನಿಂದ ಹಾದು ಆ ತುಂಡು ತಂತಿಯ ಮೂಲಕ ತಗಡಿಗೆ ಬಂದು ಕೂರುತ್ತದೆ. ಮಷಿನ್ ಕೆಟ್ಟಿಲ್ಲ, ಫ್ಯೂಸ್ ಹೋಗಿಲ್ಲ, ಮಷಿನ್ ಓಡುತ್ತಿಲ್ಲ ಅಷ್ಟೆ. ಏನಾಯಿತೆಂದು ನೋಡಲು ಅಮ್ಮ ಅದರ ಮೇಲೆ ಕೈಯಿಡುತ್ತಾರೆ. ಯಾರೋ ಕಂಬದ ಬಳಿ ಫೇಸ್-ನ್ಯೂಟ್ರಲ್ ಅದಲುಬದಲು ಮಾಡಿದರೂ ಇದೇ ಗತಿ. ಈ ಕೆಲಸ ಹೇಳಿದವರು ಒಳ್ಳೆಯವರೇ ಇರಬಹುದು. ಅವರ ಕೈಗೆ ಮನೆಯ ಸ್ಕ್ರೂ ಡ್ರೈವರ್ ಕೊಡಬೇಡಿ.

ಹಾಗಾದರೆ ಒಳ್ಳೆಯ ಅರ್ಥಿಂಗ್ ಒಂದೇ ಸಾಕೇ? ಅದೂ ಸಾಲದು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಏಪ್ರಿಲ್ ತಿಂಗಳಲ್ಲಿ ಒಂದು ಪೈಪಿನ ಅರ್ತ್ 25 ಓಮ್ ತಡೆ ತೋರಿಸಿತು ಎನ್ನಿ. ಫೇಸ್ ತಗಡಿಗೆ ತಾಗಿದಾಗ 230 ವೋಲ್ಟನ್ನು 25ರಿಂದ ಭಾಗಿಸಿ: 9 ಆಂಪಿಯರ್ ಚಿಲ್ಲರೆ. 16 ಆಂಪಿಯರ್‌ನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ, ಅದು ಬೀಳುವುದಿಲ್ಲ. ತಗಡಿನ ಮೇಲೆ ವೋಲ್ಟೇಜ್ ಹಾಗೇ ಇರುತ್ತದೆ. ಇಲ್ಲಿ ಬೇಕಾಗುವುದು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಎನ್ನುತ್ತಾರೆ. ಫೇಸ್‌ನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ಮನೆಗೆ ಹಾಕುವುದು 30 ಮಿಲಿ ಆಂಪಿಯರ್‌ನದು. ಅಷ್ಟು ಲೆಕ್ಕ ತಪ್ಪಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಅರ್ತ್ 500 ಓಮ್‌ನಷ್ಟು ಕಳಪೆಯಾಗಿದ್ದರೂ 460 ಮಿಲಿ ಆಂಪಿಯರ್ ಸೋರುತ್ತದೆ, ಅದರ ಪಾಲಿಗೆ ಅದೇ ಧಾರಾಳ. ಅರ್ಥಿಂಗ್ ಇಲ್ಲದೆ ಆರ್‌ಸಿಸಿಬಿ ಮಾತ್ರ ಹಾಕಿದರೂ ಒಂದು ಮಟ್ಟಿಗೆ ಕಾಯುತ್ತದೆ, ಆದರೆ ಆಗ ಸೋರಿಕೆಗೆ ದಾರಿಯಾಗುವುದು ಮನುಷ್ಯರ ಮೈಯೇ. ಶಾಕ್ ತಗುಲಿದ ಮೇಲೆ ಬೀಳುತ್ತದೆ. ಎರಡೂ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ.

ಆರ್‌ಸಿಸಿಬಿ ಕೂಡ ದೇವರಲ್ಲ. ಒಂದು ಕೈ ಫೇಸ್‌ಗೆ, ಇನ್ನೊಂದು ಕೈ ನ್ಯೂಟ್ರಲ್‌ಗೆ ತಾಗಿದರೆ ಅದಕ್ಕೆ ಮನುಷ್ಯನೂ ಬಲ್ಬಿನಂತೆಯೇ ಕಾಣುತ್ತಾನೆ. ಓವರ್‌ಲೋಡ್ ಕೂಡ ಅದಕ್ಕೆ ತಿಳಿಯದು. ಆದ್ದರಿಂದ ಎಂಸಿಬಿ ಜೊತೆಗಿರಲೇಬೇಕು.

ಮೂರನೆಯದು, ಎಂದರೆ ಸಡಿಲ ಜಾಯಿಂಟ್, ಇವೆರಡಕ್ಕೂ ಕಾಣಿಸುವುದಿಲ್ಲ. ಸುಟ್ಟ ವಾಸನೆ ಬರುತ್ತಿರುವುದು ಅಲ್ಲಿಂದಲೇ ಇರಬೇಕು. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕೂಡಲೇ ಮೇಲೊಂದು ತೆಳು ಕಿಲುಬು ಕಟ್ಟುತ್ತದೆ, ಅದರಲ್ಲಿ ಕರೆಂಟ್ ಸರಾಗವಾಗಿ ಹರಿಯದು. ಸ್ಕ್ರೂವಿನ ಕೆಳಗೆ ಒತ್ತಿ ಕೂರಿಸಿದರೆ ಕಾಲಕ್ರಮೇಣ ಹಿಟ್ಟಿನ ಹಾಗೆ ಪಕ್ಕಕ್ಕೆ ಸರಿದು ಹಿಡಿತ ಸಡಿಲವಾಗುತ್ತದೆ. ಬಿಸಿಯಾದಾಗ ತಾಮ್ರ-ಹಿತ್ತಾಳೆಗಿಂತ ಹೆಚ್ಚು ಹಿಗ್ಗಿ, ಆರಿದಾಗ ಕುಗ್ಗಿ, ಪ್ರತಿದಿನ ಸ್ವಲ್ಪಸ್ವಲ್ಪ ಜಾಗ ಬಿಡುತ್ತದೆ. ಹೊಸ ತಾಮ್ರದ ತಂತಿಯನ್ನು ಹಳೆಯ ಅಲ್ಯೂಮಿನಿಯಂಗೆ ಹೊಸೆದು ಟೇಪ್ ಸುತ್ತಿದ್ದರೆ, ಮಲೆನಾಡಿನ ತೇವದಲ್ಲಿ ತಾಮ್ರದ ಸಹವಾಸಕ್ಕೆ ಅಲ್ಯೂಮಿನಿಯಂ ಸವೆದುಹೋಗುತ್ತದೆ. ಇಂಥ ಒಂದು ಜಾಯಿಂಟ್‌ನಲ್ಲಿ ಅರ್ಧ ಓಮ್ ತಡೆ ಹುಟ್ಟಿದೆ, ಅದರಲ್ಲಿ 8 ಆಂಪಿಯರ್ ಹರಿಯುತ್ತಿದೆ ಎಂದುಕೊಳ್ಳಿ: ಅಲ್ಲಿ 32 ವ್ಯಾಟ್ ಬಿಸಿ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಬೆಸುಗೆ ಕಡ್ಡಿ 25 ವ್ಯಾಟ್‌ನದು. ಅಂದರೆ ಇಂಡಕ್ಷನ್ ಒಲೆ ಉರಿಯುವಷ್ಟು ಹೊತ್ತೂ ಒಂದು ಕಾದ ಬೆಸುಗೆ ಕಡ್ಡಿಯನ್ನು ಮರದ ಬೋರ್ಡಿನೊಳಗೆ ಇಟ್ಟಂತೆ. ಕರೆಂಟ್ 8 ಆಂಪಿಯರೇ ಆದ್ದರಿಂದ ಎಂಸಿಬಿಗೆ ದೂರಿಲ್ಲ. ಹೊರಗೆ ಸೋರಿಲ್ಲವಾದ್ದರಿಂದ ಆರ್‌ಸಿಸಿಬಿಗೂ ದೂರಿಲ್ಲ. ತಿಳಿಯುವುದು ಮೂಗಿಗೆ ಮಾತ್ರ. ನಿಮ್ಮ ಅಮ್ಮನ ಮೂಗು ಸರಿಯಾಗಿದೆ, ಅದನ್ನು ನಂಬಿ.

ದೀಪ ಮಿಟುಕುವುದೂ ಇದೇ ಜಾಯಿಂಟ್‌ನ ನೆಂಟ. ಇಲ್ಲೊಂದು ವ್ಯತ್ಯಾಸ ಗಮನಿಸಲು ಮನೆಯವರಿಗೆ ಹೇಳಿ. ದೊಡ್ಡ ಉಪಕರಣ ಹಾಕಿದಾಗ ದೀಪ ಮಂಕಾದರೆ ದೋಷ ಹೆಚ್ಚಾಗಿ ಮನೆಯೊಳಗಿನದು. ಏನೂ ಹಾಕದೆ ದೀಪ ಇದ್ದಕ್ಕಿದ್ದಂತೆ ಜೋರಾಗಿ ಉರಿದು, ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ಮಂಕಾದರೆ ಹೊರಗಿನ ಲೈನಿನ ನ್ಯೂಟ್ರಲ್ ಕಡಿದಿರಬಹುದು. ಆಗ ಮನೆಗೆ 230ರ ಬದಲು 400 ವೋಲ್ಟ್ ತನಕ ಬರಬಹುದು. ಮೇನ್ ಸ್ವಿಚ್ ಆಫ್ ಮಾಡಿ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಬೇಕು. ಮೀಟರ್‌ವರೆಗಿನದು ಮೆಸ್ಕಾಂ ಕೆಲಸ, ಮೀಟರಿನಿಂದ ಈಚೆಗಿನದು ನಿಮ್ಮದು.

ಇಷ್ಟರ ಮೇಲೆ ನಿಮ್ಮ ಮುಂದಿರುವ ದಾರಿಗಳಿಗೆ ಬರುತ್ತೇನೆ. ಏನೂ ಮಾಡದೆ ಒಂದು ಎಂಸಿಬಿ ಹಾಕಿ ಕೂರುವುದನ್ನು ದಾರಿ ಎಂದು ನಾನು ಎಣಿಸುವುದಿಲ್ಲ.

ಇಡೀ ಮನೆಗೆ ಹೊಸ ವೈರಿಂಗ್ ಮಾಡಿಸುವುದು ಅತ್ಯುತ್ತಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೋಡೆ ಕೊರೆಯಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲಿ ನಾನು ನಿಮ್ಮ ಅಮ್ಮನ ಕಡೆ. ಮಣ್ಣಿನ ಗೋಡೆಯನ್ನು ಕಟರ್ ಹಿಡಿದು ಸೀಳಿದರೆ ಗಾರೆ ಹಿಡಿದ ಕಡೆಯೆಲ್ಲ ಕಳಚುತ್ತದೆ, ಆ ಸೀಳಿನಲ್ಲಿ ತೇವವೂ ಗೆದ್ದಲೂ ದಾರಿ ಮಾಡಿಕೊಳ್ಳುತ್ತವೆ. ಗೋಡೆಯ ಮೇಲೆಯೇ ಪಿವಿಸಿ ಪೈಪು ಅಥವಾ ಪಟ್ಟಿ ಹಾಕಿ, ಗೋಡೆಯ ಬಣ್ಣವನ್ನೇ ಬಳಿದರೆ ಒಂದು ತಿಂಗಳಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ನಾಳೆ ಏನಾದರೂ ಕೆಟ್ಟರೆ ತೆಗೆದು ನೋಡುವುದೂ ಸುಲಭ. ಅಟ್ಟದ ಮೇಲೆ ಮಾತ್ರ ಪೈಪಿನೊಳಗಲ್ಲದೆ ಒಂದು ಗೇಣು ತಂತಿಯೂ ಬರಿದಾಗಿ ಹೋಗಬಾರದು, ಇಲಿಗಳಿಗಾಗಿ. ಪೈಪಿನೊಳಗೆ ಜಾಯಿಂಟ್ ಇರಕೂಡದು. ಜಾಯಿಂಟ್ ಎಲ್ಲವೂ ತೆರೆದು ನೋಡಬಹುದಾದ ಪೆಟ್ಟಿಗೆಯಲ್ಲೇ ಆಗಬೇಕು. ಹೊಸ ವೈರಿಂಗ್‌ಗೂ ಒಂದು ಅಪಾಯವಿದೆ, ಅದು ಅಗ್ಗದ ಕೈಗೆ ಸಿಕ್ಕುವುದು. ಕಳಪೆ ತಂತಿ ಹಾಕಿ ಪೈಪಿನೊಳಗೆ ಮುಚ್ಚಿದ ಹೊಸ ಕೆಲಸಕ್ಕಿಂತ ಕಣ್ಣಿಗೆ ಕಾಣುವ ಹಳೆಯ ಬ್ಯಾಟನ್ನೇ ವಾಸಿ ಎನಿಸಿದ ಸಂದರ್ಭಗಳಿವೆ. ತಂತಿಯ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 694 ಎಂದು ಇರುವುದನ್ನು ನೀವೇ ನೋಡಿ.

ದುಡ್ಡು ಈಗಲೇ ಅಷ್ಟು ಇಲ್ಲದಿದ್ದರೆ ನಡುವಿನ ದಾರಿ ಒಂದಿದೆ. ನಿಮ್ಮ ಪತ್ರ ಓದಿ ನಾನು ಒಲಿದಿರುವುದು ಇದಕ್ಕೇ. ಹಳೆಯ ಕಟೌಟ್ ಬೋರ್ಡನ್ನು ಪೂರ್ತಿ ತೆಗೆದು ಹೊಸ ಡಿಬಿ, ಎಂದರೆ ಮನೆಯ ಬೇರೆ ಬೇರೆ ಸಾಲುಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ ಹಾಕಿಸಿ. ಅದರಲ್ಲಿ ಆರ್‌ಸಿಸಿಬಿ, ಒಂದೊಂದು ಸಾಲಿಗೆ ಒಂದೊಂದು ಎಂಸಿಬಿ. ಹೊಸ ಅರ್ಥಿಂಗ್ ಮಾಡಿಸಿ. ಹೆಚ್ಚು ಕರೆಂಟ್ ಎಳೆಯುವ ಜಾಗಗಳಿಗೆ ಮಾತ್ರ ಡಿಬಿಯಿಂದ ನೇರವಾಗಿ ಹೊಸ ತಾಮ್ರದ ತಂತಿ: ಅಡುಗೆಮನೆಗೆ 4 ಚದರ ಮಿಲಿಮೀಟರ್‌ನದು, ವಾಷಿಂಗ್ ಮಷಿನ್‌ಗೆ 2.5ರದು, ಗೀಸರ್ ಇದ್ದರೆ ಅದಕ್ಕೊಂದು ಬೇರೆ. ಹಳೆಯ ಅಲ್ಯೂಮಿನಿಯಂ ಸಾಲುಗಳಿಗೆ ದೀಪ ಮತ್ತು ಫ್ಯಾನ್ ಮಾತ್ರ ಉಳಿಸಿ, ಅವುಗಳ ಮೇಲೆ 6 ಆಂಪಿಯರ್‌ನ ಎಂಸಿಬಿ ಕೂರಿಸಿ. 60 ವ್ಯಾಟ್‌ನ ಬಲ್ಬುಗಳ ಜಾಗಕ್ಕೆ 9 ವ್ಯಾಟ್‌ನ ಎಲ್‌ಇಡಿ ಬಂದರೆ ಮುದಿ ತಂತಿಗಳಿಗೂ ನಿವೃತ್ತಿ ಸಿಕ್ಕಂತಾಗುತ್ತದೆ. ನಿಮಗೆ ಹೇಳಿದ ಮೊತ್ತದ ಅರ್ಧದೊಳಗೆ ಇದು ಮುಗಿಯಬೇಕು. ಮುಂದಿನ ವರ್ಷ, ಅದರ ಮುಂದಿನ ವರ್ಷ ಒಂದೊಂದೇ ಕೋಣೆಯ ಹಳೆಯ ಸಾಲು ತೆಗೆಸುತ್ತ ಹೋಗಬಹುದು.

ಈ ದಾರಿಯ ಅಪಾಯವನ್ನೂ ಹೇಳಬೇಕು. ಹಳೆಯ ಸಾಲಿನಲ್ಲಿ ಒಂದು ಪ್ಲಗ್ ಪಾಯಿಂಟ್ ಉಳಿದರೂ ದೀಪಾವಳಿಗೆ ಬಂದ ನೆಂಟರೊಬ್ಬರು ಅದಕ್ಕೆ ಇಸ್ತ್ರಿಪೆಟ್ಟಿಗೆ ಸಿಕ್ಕಿಸುತ್ತಾರೆ. ಆ ಸಾಲುಗಳ ಪಾಯಿಂಟ್‌ಗಳನ್ನೆಲ್ಲ ಕಿತ್ತುಹಾಕಿಸಿ, ಮುಚ್ಚಿದರೆ ಸಾಲದು. ಮತ್ತೆ, ಉಳಿಸಿಕೊಳ್ಳುವ ಪ್ರತಿ ಸಾಲನ್ನೂ 500 ವೋಲ್ಟ್‌ನ ಮೆಗ್ಗರ್ (ತಂತಿಯ ಹೊದಿಕೆಯ ತಡೆ ಅಳೆಯುವ ಉಪಕರಣ) ಹಾಕಿ ಪರೀಕ್ಷಿಸಬೇಕು. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಆ ಸಾಲು ಉಳಿಸುವಂಥದ್ದಲ್ಲ. ಮಾರ್ಚ್‌ನಲ್ಲಿ ಪಾಸಾದ ತಂತಿ ಜುಲೈನಲ್ಲಿ, ಹೆಂಚಿನಿಂದ ನೀರು ತೊಟ್ಟಿಕ್ಕಿ ಬ್ಯಾಟನ್ ನೆನೆದಾಗ ಫೇಲಾಗುತ್ತದೆ. ಹೊದಿಕೆಯ ಪರೀಕ್ಷೆಯನ್ನು ಮಳೆಗಾಲದಲ್ಲೂ ಅರ್ಥಿಂಗ್‌ನ ಪರೀಕ್ಷೆಯನ್ನು ಕಡುಬೇಸಿಗೆಯಲ್ಲೂ ಮಾಡಿಸಬೇಕೆಂದು ನಾನು ಹೇಳುವುದು ಅದಕ್ಕೇ. ಎರಡೂ ಸುಳ್ಳು ಹೇಳಲಾಗದ ಕಾಲ ಅದು. ಅರ್ತ್ ಪೈಪನ್ನು ಗೋಡೆಯಿಂದ ಕನಿಷ್ಠ 1.5 ಮೀಟರ್ ದೂರದಲ್ಲಿ, ಬಚ್ಚಲ ನೀರು ಹರಿದು ಮಣ್ಣು ತಂಪಾಗಿರುವ ಕಡೆ, 2.5 ಮೀಟರ್ ಆಳಕ್ಕೆ ಇಳಿಸಲಿ. ತೆಂಗಿನ ಬುಡವೂ ಆಗುತ್ತದೆ. ಬೇಸಿಗೆಯಲ್ಲಿ ಅದಕ್ಕೂ ವಾರಕ್ಕೆರಡು ಕೊಡ ನೀರು ಹಾಕಲಿ.

ಒಂದು ಎಚ್ಚರಿಕೆ. ಆರ್‌ಸಿಸಿಬಿ ಹಾಕಿದ ಮೊದಲ ವಾರ ಅದು ಖಂಡಿತ ಬೀಳುತ್ತದೆ. ಎಲ್ಲೋ ನ್ಯೂಟ್ರಲ್ ಅರ್ತ್‌ಗೆ ತಾಗಿರುತ್ತದೆ, ಎಲ್ಲೋ ಒದ್ದೆ ಗೋಡೆಯಲ್ಲಿ ಸೋರುತ್ತಿರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದು ಅದರ ಸಾಲಿನ ನ್ಯೂಟ್ರಲ್ ಬೇರೆ ಮಾಡದಿದ್ದರೂ ಬೀಳುತ್ತದೆ. ಆಗ ಎಲೆಕ್ಟ್ರಿಷಿಯನ್ ‘ಇದು ಸರಿಯಿಲ್ಲ ಸಾರ್, ಬೈಪಾಸ್ ಮಾಡಿಬಿಡುತ್ತೇನೆ’ ಎಂದರೆ ಒಪ್ಪಬೇಡಿ. ಅದು ದೋಷದ ವರದಿ ಕೊಡುತ್ತಿದೆ. ಒಂದೊಂದೇ ಸಾಲನ್ನು ಬಿಡಿಸಿ ಹುಡುಕಿದರೆ ಅರ್ಧ ದಿನದಲ್ಲಿ ಕಳ್ಳ ಸಿಕ್ಕುತ್ತಾನೆ. ಆ ಅರ್ಧ ದಿನದ ಕೂಲಿಯನ್ನು ಮೊದಲೇ ಮಾತಾಡಿಕೊಂಡಿರಿ, ಇಲ್ಲದಿದ್ದರೆ ಯಾರೂ ಹುಡುಕುವುದಿಲ್ಲ. ವಾಷಿಂಗ್ ಮಷಿನ್ ಇರುವ ಮನೆಗೆ ಟೈಪ್ ಎ ಎಂದು ಬರೆದಿರುವುದನ್ನು ಕೊಳ್ಳಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತುವ ಕೆಲಸವನ್ನು ಅಪ್ಪನಿಗೆ ವಹಿಸಿ. ಫ್ಯೂಸ್ ಕಟ್ಟುವ ಕೆಲಸ ಹೋಯಿತಲ್ಲ, ಕೈಗೆ ಏನಾದರೂ ಬೇಕು.

ಕೆಲಸದವರನ್ನು ಹುಡುಕುವಾಗ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರನ್ನೇ ಹಿಡಿಯಿರಿ. ಕೆಲಸ ಮುಗಿದ ಮೇಲೆ ಮೆಗ್ಗರ್ ಮತ್ತು ಅರ್ಥಿಂಗ್‌ನ ಅಳತೆಗಳನ್ನು ಬರೆದುಕೊಡಲು ಮೊದಲೇ ಕೇಳಿ. ಅಳತೆಯ ಮಾತೆತ್ತಿದಾಗ ‘ಟೆಸ್ಟರ್ ಇದೆಯಲ್ಲ’ ಎಂದರೆ ಮುಂದಿನವರನ್ನು ನೋಡಿ. ಟೆಸ್ಟರ್ ಉರಿದರೆ ಅಲ್ಲಿ ವೋಲ್ಟೇಜ್ ಇದೆ ಎಂದಷ್ಟೇ ಗೊತ್ತಾಗುತ್ತದೆ. ಅದು ಉರಿಯಲಿಲ್ಲವೆಂದು ಕೈಯಿಟ್ಟವರ ಕಥೆ ಬೇರೆ. ಕೆಲಸ ನಡೆಯುವಾಗ ಮೇನ್ ಜೊತೆಗೆ ಇನ್ವರ್ಟರನ್ನೂ ಆಫ್ ಮಾಡಿರಬೇಕು. ಮೇನ್ ತೆಗೆದ ಮೇಲೂ ಅದರ ಸಾಲುಗಳಲ್ಲಿ 230 ವೋಲ್ಟ್ ಇರುತ್ತದೆ ಎಂಬುದು ಅನುಭವಿಗಳಿಗೂ ಮರೆತುಹೋಗುತ್ತದೆ.

ಜಗುಲಿಯ ಕರಿ ಸ್ವಿಚ್‌ಗಳ ಬಗ್ಗೆ: ಆ ಗುಂಡು ಬೇಕ್‌ಲೈಟ್ ಸ್ವಿಚ್‌ಗಳು ಬೆಂಕಿಗೆ ಸುಲಭವಾಗಿ ಬಗ್ಗುವ ವಸ್ತುವಲ್ಲ. ಒಳಗಿನ ಹಿತ್ತಾಳೆ ಸವೆದಿಲ್ಲ, ಮುಚ್ಚಳ ಬಿರುಕು ಬಿಟ್ಟಿಲ್ಲ, ಒತ್ತಿದಾಗ ಟಕ್ ಎಂದು ಕಚ್ಚಿಕೊಳ್ಳುತ್ತದೆ ಎಂದಾದರೆ ಒಂದು ಎಲ್‌ಇಡಿ ದೀಪಕ್ಕೆ ಧಾರಾಳವಾಗಿ ಇಟ್ಟುಕೊಳ್ಳಬಹುದು. ಹಿಂದಿನ ತಂತಿ ಮಾತ್ರ ಹೊಸದಾಗಲಿ. ಅದು ಫೇಸನ್ನು ಕಡಿಯುತ್ತದೆಯೋ ನ್ಯೂಟ್ರಲನ್ನೋ ಎಂದೂ ನೋಡಿಸಿ. ಆ ಕಾಲದ ಮನೆಗಳಲ್ಲಿ ಅದಲುಬದಲಾಗಿರುವುದುಂಟು. ಸ್ವಿಚ್ ಆರಿಸಿದರೂ ಎಲ್‌ಇಡಿ ಮಿಣಮಿಣ ಎನ್ನುತ್ತಿದ್ದರೆ ಮೊದಲ ಗುಮಾನಿ ಅದೇ. ಟಕ್ ಎನ್ನದ ಸ್ವಿಚ್‌ಗಳಿದ್ದರೆ ತಂತಿ ಕಳಚಿಸಿ ಗೋಡೆಯಲ್ಲಿ ಹಾಗೆಯೇ ಬಿಡಿ. ಹೊಸ ಸ್ವಿಚ್ಚನ್ನು ಬಾಗಿಲ ಇನ್ನೊಂದು ಪಕ್ಕಕ್ಕೆ ಹಾಕಿಸಬಹುದು. ಅಮ್ಮನ ಕೈ ಕೆಲವು ತಿಂಗಳು ಕತ್ತಲೆಯಲ್ಲಿ ಹಳೆಯ ಜಾಗಕ್ಕೇ ಹೋಗುತ್ತದೆ, ಅಷ್ಟೆ.